ಗೆರೆಯ ಆಚೆ ಮನೆ, ಈಚೆ ಮನೆ

1854ರ ಲಂಡನ್. ಕಾಲರಾ ಹಬ್ಬಿದೆ. ಡಾಕ್ಟರ್ ಜಾನ್ ಸ್ನೋ ತೇಮ್ಸ್ ನದಿಯ ದಕ್ಷಿಣದ ಬೀದಿಗಳಲ್ಲಿ, ಸತ್ತವರ ಮನೆಗೆ ಯಾವ ಕಂಪನಿಯ ನೀರು ಬರುತ್ತಿತ್ತು ಎಂದು ವಿಚಾರಿಸುತ್ತಿದ್ದಾರೆ. ಎಷ್ಟೋ ಬಾಡಿಗೆದಾರರಿಗೆ ಅದು ಗೊತ್ತೇ ಇಲ್ಲ. ಹಾಗಾಗಿ ಆ ಮನೆಯ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ನೋಡುತ್ತಾರೆ. ಉಪ್ಪು ಜಾಸ್ತಿ ಇದ್ದರೆ ನೀರು ಬೆಳ್ಳಗೆ ಕದಡುತ್ತದೆ. ಅದು ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯ ನೀರು. ಲ್ಯಾಂಬೆತ್ ಕಂಪನಿ 1852ರಲ್ಲೇ ನದಿಯ ಮೇಲ್ಭಾಗಕ್ಕೆ, ಊರಿನ ಕೊಳಚೆ ತಾಗದ ಕಡೆಗೆ ಹೋಗಿತ್ತು.

ಲೆಕ್ಕ ಹಾಕಿದರೆ, 10,000 ಮನೆಗಳಿಗೆ ಸೌತ್‌ವಾರ್ಕ್ ನೀರಿನ ಕಡೆ 315 ಸಾವು, ಲ್ಯಾಂಬೆತ್ ನೀರಿನ ಕಡೆ 37. ಈ ಅಂಕಿಗೆ ಬಲ ಬಂದದ್ದು ಬೀದಿ ಒಂದೇ ಆಗಿದ್ದರಿಂದ. ಬಡವರು, ಸ್ಥಿತಿವಂತರು ಎರಡೂ ಪೈಪುಗಳ ನೀರು ಕುಡಿಯುತ್ತಿದ್ದರು. ಬೇರೆಯಾಗಿದ್ದದ್ದು ನೀರು ಮಾತ್ರ.

ಜಾಗವನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಎಲ್ಲ ವಿಧಾನಗಳ ಹಿಂದೆ ಇದೇ ಆಸೆ ಇದೆ: ಉಳಿದದ್ದೆಲ್ಲ ಒಂದೇ ಇರಲಿ, ಒಂದು ಸಂಗತಿ ಮಾತ್ರ ಬೇರೆಯಿರಲಿ. 1994ರಲ್ಲಿ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಗಂಟೆಯ ಕನಿಷ್ಠ ಕೂಲಿ 4.25ರಿಂದ 5.05 ಡಾಲರಿಗೆ ಏರಿದ್ದರ ಪರಿಣಾಮ ನೋಡಿದರು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಕೂಲಿ ಏರಿರಲಿಲ್ಲ. ಎರಡೂ ಕಡೆಯ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಮೊದಲು ಎಷ್ಟು ಕೆಲಸಗಾರರಿದ್ದರು, ಆಮೇಲೆ ಎಷ್ಟಾದರು ಎಂದು ಹೋಲಿಸಿದರು. ಇದು ಡಿಫರೆನ್ಸ್-ಇನ್-ಡಿಫರೆನ್ಸಸ್, ಅಂದರೆ ಎರಡು ಕಡೆಯ ಬದಲಾವಣೆಗಳ ನಡುವಿನ ವ್ಯತ್ಯಾಸ. ಎರಡು ಕಡೆಯೂ ಮೊದಲು ಒಂದೇ ಥರ ಇರಬೇಕಿಲ್ಲ, ಒಂದೇ ಥರ ಸಾಗುತ್ತಿದ್ದರೆ ಸಾಕು.

ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಹಿಡಿದ ದಾರಿ ಬೇರೆ. ಬಾಸ್ಟನ್ ಹೊರವಲಯದಲ್ಲಿ ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಹೋಗಬೇಕು ಎಂಬ ಗೆರೆಯ ಆಚೀಚಿನ ಮನೆಗಳ ಬೆಲೆ ನೋಡಿದರು. ಇಲ್ಲಿ ಮೊದಲು-ಆಮೇಲೆ ಬೇಕಿಲ್ಲ, ಗೆರೆ ದಾಟಿದೊಡನೆ ಬೆಲೆ ಜಿಗಿಯುತ್ತದೆಯೇ ಎಂಬುದೇ ಪ್ರಶ್ನೆ. 2010ರಲ್ಲಿ ಮೆಲಿಸ್ಸಾ ಡೆಲ್ ಇದೇ ಉಪಾಯವನ್ನು ಪೆರುವಿಗೆ ಒಯ್ದರು. ಅಲ್ಲಿ 1573ರಿಂದ 1812ರವರೆಗೆ, ಸ್ಪ್ಯಾನಿಷ್ ಆಡಳಿತ ಎಳೆದ ಗೆರೆಯ ಒಳಗಿನ ಊರುಗಳ ವಯಸ್ಕ ಗಂಡಸರಲ್ಲಿ ಏಳನೇ ಒಂದು ಪಾಲು ಗಣಿಗೆ ಕಡ್ಡಾಯ ದುಡಿಮೆಗೆ ಹೋಗಬೇಕಿತ್ತು. ಆ ಜಾಗಗಳಲ್ಲಿ ಕುಟುಂಬಗಳ ಖರ್ಚುವೆಚ್ಚ ಇವತ್ತಿಗೂ ಸುಮಾರು 25% ಕಡಿಮೆ ಎಂದು ಅವರು ಕಂಡುಕೊಂಡರು.

ಅಕ್ಕಪಕ್ಕದಲ್ಲಿ ಹೋಲುವ ಜಾಗವೇ ಇಲ್ಲದಿದ್ದರೆ? ದೂರದ ಹಲವು ಜಾಗಗಳನ್ನು ತೂಕ ಹಾಕಿ ಬೆರೆಸಿ ಒಂದು ಜೋಡಿ ಕಟ್ಟುತ್ತಾರೆ. ಅದಕ್ಕೆ ಸಿಂಥೆಟಿಕ್ ಕಂಟ್ರೋಲ್ ಅಂತ ಹೆಸರು.

ಮೊದಲಿನ ಅಂಕಿಅಂಶ ಸಿಗುವುದಾದರೆ ನಾನು ಬರೀ ಗೆರೆಯನ್ನು ನಂಬುವುದಿಲ್ಲ. ಗೆರೆ ಸುಮ್ನೆ ಬಿದ್ದಿರುವುದಿಲ್ಲ, ಅಲ್ವಾ? ಬೆಟ್ಟವೋ ನದಿಯೋ ಅಲ್ಲೇ ಇರಬಹುದು. ಜನರೂ ಸುಮ್ಮನಿರುವುದಿಲ್ಲ. ಪೆರುವಿನಲ್ಲಿ ಆ ದುಡಿಮೆ ತಪ್ಪಿಸಿಕೊಳ್ಳಲು ಎಷ್ಟೋ ಮಂದಿ ಗೆರೆಯ ಹೊರಗೆ ಓಡಿಹೋದರು. ಇನ್ನು ಅಕ್ಕಪಕ್ಕದ ಊರುಗಳು ಒಂದನ್ನೊಂದು ಹೋಲುವುದರಿಂದ ನೂರು ಊರು ಎಣಿಸಿದರೂ ನೂರು ಬೇರೆಬೇರೆ ಸಾಕ್ಷಿ ಸಿಕ್ಕಂತಲ್ಲ. ಇದನ್ನು ಲೆಕ್ಕಕ್ಕೆ ಹಿಡಿಯುವ ದಾರಿಯನ್ನು ಟಿಮ್ ಕಾನ್ಲಿ 1999ರಲ್ಲಿ ತೋರಿಸಿದರು.

ಎಲ್ಲಕ್ಕಿಂತ ಕಷ್ಟದ್ದು ಸೋರಿಕೆ. ಒಂದು ಕಡೆ ಕೂಲಿ ಏರಿದರೆ ಇನ್ನೊಂದು ಕಡೆಯವರು ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಆಗ ಹೋಲಿಕೆಗೆ ಇಟ್ಟುಕೊಂಡ ಕಡೆಯೂ ಬದಲಾಗುತ್ತದೆ. ಗೆರೆಯ ಪಕ್ಕದ ಪಟ್ಟಿಯನ್ನು ಬಿಟ್ಟುಬಿಡಬಹುದು. ಆದರೆ ತೀರಾ ಹೋಲುವ ಮನೆಗಳಿರುವುದು ಆ ಪಟ್ಟಿಯಲ್ಲೇ. ಎಷ್ಟು ಅಗಲ ಬಿಡಬೇಕು ಎನ್ನುವುದನ್ನು ಸೂತ್ರವೊಂದೇ ಹೇಳಲಾರದು. ಅಲ್ಲಿನ ಜನ ದುಡಿಯಲು, ಕೊಳ್ಳಲು ದಿನಾ ಎಷ್ಟು ದೂರ ಓಡಾಡುತ್ತಾರೆ ಎಂದು ವಿಚಾರಿಸಿಯೇ ತಿಳಿಯಬೇಕು.