ಪ್ಲಾಸ್ಮಾ ಕುಸಿದರೆ ಉಕ್ಕಿನ ಪಾತ್ರೆಗೆ ಏಟು ಯಾಕೆ?

ಪರಮಾಣು ಸಮ್ಮಿಳನಕ್ಕಾಗಿ ಪ್ಲಾಸ್ಮಾವನ್ನು, ಅಂದರೆ ವಿಪರೀತ ಕಾದು ವಿದ್ಯುತ್ ಹರಿಸುವ ಅನಿಲವನ್ನು, ಉಂಗುರದಂಥ ಉಕ್ಕಿನ ಪಾತ್ರೆಯೊಳಗೆ ಕಾಂತಕ್ಷೇತ್ರದಿಂದ ಹಿಡಿದಿಡುವ ಯಂತ್ರ ಟೋಕಮಾಕ್. ಅದರಲ್ಲಿ ಪ್ಲಾಸ್ಮಾ ಹಠಾತ್ತನೆ ಕುಸಿಯುವುದನ್ನು, ಅಂದರೆ ಡಿಸ್ರಪ್ಷನ್ ಅನ್ನು, ಸೋವಿಯತ್ ವಿಜ್ಞಾನಿಗಳು 1960ರ ದಶಕದಲ್ಲೇ ಕಂಡಿದ್ದರು. ಯಂತ್ರಗಳು ಚಿಕ್ಕವಿದ್ದಾಗ ಅದು ಪ್ರಯೋಗ ಕೆಡಿಸುವ ಕಿರಿಕಿರಿ, ಅಷ್ಟೆ. 1983ರಲ್ಲಿ ಇಂಗ್ಲೆಂಡಿನಲ್ಲಿ ಜೆಟ್ (JET) ಎಂಬ ದೊಡ್ಡ ಟೋಕಮಾಕ್ ಶುರುವಾದ ಮೇಲೆ ಲೆಕ್ಕ ಬದಲಾಯಿತು. ಅಲ್ಲಿನ ಪ್ಲಾಸ್ಮಾ ಎತ್ತರಕ್ಕೆ ಎಳೆದಂತಿತ್ತು. ಅಂಥದ್ದು ತಾನಾಗಿ ಒಂದೆಡೆ ನಿಲ್ಲುವುದಿಲ್ಲ. ನಿಯಂತ್ರಣ ತಪ್ಪಿತೆಂದರೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಹಾಗೆ ಜಾರಿದಾಗ ನೂರಾರು ಟನ್ ಬಲ ಬಿದ್ದು ನಿರ್ವಾತ ಪಾತ್ರೆಯೇ ಮಿಲಿಮೀಟರ್‌ಗಟ್ಟಲೆ ಅಲುಗಿತು. ಅದರ ಆಧಾರಗಳನ್ನು ಗಟ್ಟಿ ಮಾಡಬೇಕಾಯಿತು.

ಕುಸಿತದಲ್ಲಿ ಮೊದಲು ಶಾಖ ಹೋಗುತ್ತದೆ, ಕೆಲವೇ ಮಿಲಿಸೆಕೆಂಡಿನಲ್ಲಿ. ತಣ್ಣಗಾದ ಪ್ಲಾಸ್ಮಾದ ರೋಧ ಏರಿ ಅದರಲ್ಲಿ ಹರಿಯುತ್ತಿದ್ದ ಕರೆಂಟ್ ಬೀಳುತ್ತದೆ, ಜೊತೆಗೆ ಆ ಕರೆಂಟಿನ ಕಾಂತಕ್ಷೇತ್ರವೂ. ಕಾಂತಕ್ಷೇತ್ರ ಬೇಗ ಬದಲಾದಷ್ಟೂ ಸುತ್ತಲಿನ ಉಕ್ಕಿನಲ್ಲಿ ಸುಳಿಯಂಥ ಕರೆಂಟ್, ಅಂದರೆ ಎಡ್ಡಿ ಕರೆಂಟ್, ಜೋರಾಗಿ ಸುತ್ತುತ್ತದೆ. ಪ್ರಬಲ ಕಾಂತಕ್ಷೇತ್ರದ ನಡುವೆ ಆ ಕರೆಂಟ್ ಪ್ರತಿ ಫಲಕವನ್ನೂ ಹಿಡಿದು ತಿರುಚುತ್ತದೆ. ಹುಬ್ಬಳ್ಳಿಯ ರಿವೈಂಡಿಂಗ್ ಅಂಗಡಿಯಲ್ಲಿ ಪಂಪ್ ಮೋಟರ್ ಬಿಚ್ಚಿ ನೋಡಿ: ಸ್ಟೇಟರ್ ಇಡೀ ಗಟ್ಟಿ ಕಬ್ಬಿಣವಲ್ಲ, ಒಂದಕ್ಕೊಂದು ತಾಗದಂತೆ ಲೇಪ ಕೊಟ್ಟ ತೆಳು ಸ್ಟ್ಯಾಂಪಿಂಗ್‌ಗಳ ಅಡುಕು. ಕರೆಂಟ್ ಸುತ್ತುವ ದಾರಿ ಕತ್ತರಿಸುವುದೇ ಉದ್ದೇಶ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ಐಟರ್‌ನ (ITER) ಒಳಗೋಡೆಯ ಬ್ಲಾಕ್‌ಗಳಲ್ಲಿ ಆಳವಾದ ಸೀಳುಗಳನ್ನು ಕೊಯ್ದಿರುವುದೂ ಇದಕ್ಕೇ.

ಹ್ಯಾಲೋ ಕರೆಂಟ್ ಇನ್ನೂ ಕಾಟದ್ದು. ಜಾರಿದ ಪ್ಲಾಸ್ಮಾ ಗೋಡೆಗೆ ತಾಗಿದರೆ ಅದರ ಅಂಚಿನ ಕರೆಂಟ್ ನೇರ ಉಕ್ಕಿಗೇ ಇಳಿದು, ಒಂದಷ್ಟು ದೂರ ಹರಿದು, ಮತ್ತೆ ಪ್ಲಾಸ್ಮಾ ಸೇರುತ್ತದೆ. 5 ಟೆಸ್ಲಾ (ಟೆಸ್ಲಾ ಕಾಂತಕ್ಷೇತ್ರದ ಅಳತೆ) ಕ್ಷೇತ್ರಕ್ಕೆ ಅಡ್ಡಲಾಗಿ 1 ಮೀಟರ್ ಉಕ್ಕಿನಲ್ಲಿ 10 ಲಕ್ಷ ಆಂಪಿಯರ್ ಹರಿದರೆ ಬಲ 50 ಲಕ್ಷ ನ್ಯೂಟನ್, ಸುಮಾರು 500 ಟನ್ ಭಾರ. ಅದು ಸುತ್ತಲೂ ಸಮನಾಗಿ ಬಿದ್ದರೆ ವಾಸಿ. ಒಂದೇ ಬದಿಗೆ ಹೆಚ್ಚಾದರೆ ಪಾತ್ರೆ ಪಕ್ಕಕ್ಕೆ ತಳ್ಳಲ್ಪಡುತ್ತದೆ. ಜೆಟ್‌ನಲ್ಲಿ ಅದೂ ಆಯಿತು. ಆ ಅಸಮತೋಲ ತಿರುಗತೊಡಗಿ, ಅದರ ವೇಗ ಪಾತ್ರೆಯ ಸಹಜ ಕಂಪನಕ್ಕೆ ಹೊಂದಿಬಿಟ್ಟರೆ ಅಲುಗಾಟ ಬೆಳೆಯುತ್ತಲೇ ಹೋಗುತ್ತದೆ.

ಇಲ್ಲೇ ಇಕ್ಕಟ್ಟು. ಕರೆಂಟ್ ಬೇಗ ಬಿದ್ದರೆ ಎಡ್ಡಿ ಬಲ ಹೆಚ್ಚು; ನಿಧಾನವಾದರೆ ಪ್ಲಾಸ್ಮಾಗೆ ಜಾರಲು ಸಮಯ ಸಿಕ್ಕಿ ಹ್ಯಾಲೋ ಹೆಚ್ಚು. 150 ಲಕ್ಷ ಆಂಪಿಯರ್‌ನ ಐಟರ್‌ಗೆ ಅದಕ್ಕಾಗಿಯೇ ಕರೆಂಟ್ ಇಳಿಯಲು ಸುಮಾರು 50ರಿಂದ 150 ಮಿಲಿಸೆಕೆಂಡಿನ ಮಿತಿ ಇಟ್ಟಿದ್ದಾರೆ. ಹೈಡ್ರೋಜನ್ ಮತ್ತು ನಿಯಾನ್ ಹೆಪ್ಪುಗಟ್ಟಿಸಿದ ಗುಂಡನ್ನು ಹಾರಿಸಿ, ಬಾಗಿದ ಕೊಳವೆಯ ತುದಿಗೆ ಬಡಿದು ಚೂರಾಗಿಸಿ, ಪ್ಲಾಸ್ಮಾದೊಳಗೆ ಚಿಮ್ಮಿಸುವುದು ಆಯ್ದ ಉಪಾಯ. ನಿಯಾನ್ ಪ್ರಮಾಣ ಹೆಚ್ಚಿಸಿದರೆ ಕರೆಂಟ್ ಬೇಗ ಇಳಿಯುತ್ತದೆ. ಆದರೆ ಗುಂಡಿಗೂ ದಾರಿ ಸವೆಸಲು ಹತ್ತಾರು ಮಿಲಿಸೆಕೆಂಡ್ ಬೇಕು. ಕುಸಿತದ ಮುನ್ಸೂಚನೆ ಅದಕ್ಕೂ ಮೊದಲೇ ಸಿಗದಿದ್ದರೆ ಗುಂಡು ತಲುಪುವಷ್ಟರಲ್ಲಿ ಶಾಖವೆಲ್ಲ ಗೋಡೆಗೆ ಬಡಿದಿರುತ್ತದೆ.