ಸಾಕೆಟ್ ಮುಚ್ಚಿದ ಮಾತ್ರಕ್ಕೆ ಮುಗಿಯಲಿಲ್ಲ

"ಅಣ್ಣ, ಒಂದು ಸ್ಲೀಪ್ ಹಾಕಿದೆ, ಸರಿಯಾಯ್ತು." ಬಿದ್ದುಹೋಗುವ ಪ್ರೋಗ್ರಾಮಿಗೆ 'ಸ್ವಲ್ಪ ಹೊತ್ತು ಕಾಯಿ' ಎಂಬ ಸಾಲು (ಸ್ಲೀಪ್) ಸೇರಿಸಿ ಹೇಳುವ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೇಳುವವರು ಬುದ್ಧಿವಂತರೇ, ರಾತ್ರಿ ನಿದ್ದೆಗೆಟ್ಟು ದುಡಿದವರೇ. ಅದಕ್ಕೇ ಬೇಸರ ಹೆಚ್ಚು.

ಕಳೆದ ಜೂನ್‌ನಲ್ಲಿ ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಅಡಿಕೆ ಖರೀದಿಸುವವರೊಬ್ಬರಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ, ನೆಟ್‌ವರ್ಕ್ ಕೆಲಸದ ಲೈಬ್ರರಿ ಬೂಸ್ಟ್ ಆಸಿಯೋ ಬಳಸಿ ಸರ್ವರ್ ಬರೆದುಕೊಟ್ಟಿದ್ದ. ಮುಳ್ಳೇರಿಯ, ಪೆರ್ಲ, ಕುಂಬಳೆ ಎಂದು ಎಂಟು ಕಡೆಯ ತೂಕದ ಯಂತ್ರಗಳು ಅದಕ್ಕೆ ಲೆಕ್ಕ ಕಳುಹಿಸುತ್ತವೆ. ಬೇಸಗೆ ಇಡೀ ಓಡಿದ ಸರ್ವರ್ ಮಳೆ ಹಿಡಿದ ಮೇಲೆ ವಾರಕ್ಕೆ ಎರಡು ಸಲ ಬೀಳುತ್ತಿತ್ತು. ಸ್ಟ್ಯಾಕ್ ಟ್ರೇಸ್ (ಎಲ್ಲಿ ಬಿತ್ತು, ಅಲ್ಲಿಗೆ ಹೇಗೆ ಬಂತು ಎಂಬ ಪಟ್ಟಿ) ಒಮ್ಮೆ ಸ್ಟ್ರಿಂಗ್ ಕಾಪಿ ಮಾಡುವಲ್ಲಿ ತೋರಿಸಿದರೆ, ಇನ್ನೊಮ್ಮೆ ಮೆಮೊರಿ ಕೇಳುವಲ್ಲಿ. ಎರಡೂ ಕಡೆ ಕೋಡಿನಲ್ಲಿ ಏನೂ ತಪ್ಪಿಲ್ಲ.

30 ಸೆಕೆಂಡು ಸುದ್ದಿ ಬಾರದಿದ್ದರೆ ಅವನ ಟೈಮರ್ ಆ ಯಂತ್ರದ ಸಾಕೆಟ್ (ಸಂಪರ್ಕದ ತುದಿ) ಮುಚ್ಚುತ್ತಿತ್ತು, 200 ಮಿಲಿಸೆಕೆಂಡು ಸ್ಲೀಪ್, ಆಮೇಲೆ ಆ ಸಂಪರ್ಕದ ವಿವರ ಇಟ್ಟ ಆಬ್ಜೆಕ್ಟ್ ಡಿಲೀಟ್. "ಮುಚ್ಚಿದ ಮೇಲೆ ಇನ್ನೇನು ಉಂಟು?" ಎಂದು ಕೇಳಿದ.

ಉಂಟು ಮಾರಾಯ. ಓದಲು ಹೇಳಿಟ್ಟ ಕೆಲಸ ಬಾಕಿ ಉಂಟು. ಆಸಿಯೋದಲ್ಲಿ ಸಾಕೆಟ್ ಮುಚ್ಚಿದರೆ ಆ ಕೆಲಸ ಮಾಯವಾಗುವುದಿಲ್ಲ. 'ರದ್ದಾಯಿತು' ಎಂಬ ಎರರ್ ಹೊತ್ತು ಅದರ ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಓಡಬೇಕಾದ ಕೋಡು) ಸಾಲಿನಲ್ಲಿ ನಿಲ್ಲುತ್ತದೆ, ತನ್ನ ಸರದಿಗೆ ಬಂದೇ ಬರುತ್ತದೆ. ಬಂದಾಗ ಆಬ್ಜೆಕ್ಟ್ ಇರಬೇಕು, ಓದಿದ್ದನ್ನು ತುಂಬುವ ಬಫರ್ ಇರಬೇಕು. ಟೈಮರ್ ಇನ್ನೂ ಸೂಕ್ಷ್ಮ: ಕಾಲ್‌ಬ್ಯಾಕ್ ಆಗಲೇ ಸಾಲಿಗೆ ಸೇರಿದ್ದರೆ ನೀವು ಕ್ಯಾನ್ಸಲ್ ಮಾಡಿದರೂ ಅದು ಎರರ್ ಇಲ್ಲದೆಯೇ ಓಡುತ್ತದೆ. ಮತ್ತೆ ಹೇಳುತ್ತೇನೆ, ತುಂಬಾ ಮಂದಿ ಇಲ್ಲೇ ಎಡವುತ್ತಾರೆ: ಮುಚ್ಚುವುದು ಒಂದು ವಿನಂತಿ, ಕೊನೆಯ ಕಾಲ್‌ಬ್ಯಾಕ್ ಬಂದು ಹೋದಾಗಲೇ ಕೆಲಸ ಮುಗಿಯುವುದು.

ಹಾಗಾದರೆ ದಿನಾ ಯಾಕೆ ಬೀಳುವುದಿಲ್ಲ? ಬಿಟ್ಟುಕೊಟ್ಟ ಮೆಮೊರಿಯಲ್ಲಿ ಹಳೆಯ ಡೇಟಾ ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ. ಖಾಲಿ ಮಾಡಿದ ಬಾಡಿಗೆ ಮನೆಗೆ ಹಳೆಯವರ ಕಾಗದ ಬಂದ ಹಾಗೆ. ಹೊಸಬರು ಬಂದು ಕೂತ ಮೇಲೇ ಗೊಂದಲ. ಬೀಳುವುದು ಆ ಹೊಸಬರ ಕೋಡು, ನಾವು ಹುಡುಕುವುದೂ ಅಲ್ಲೇ.

ಸ್ಲೀಪ್ ಸಹಾಯ ಮಾಡಿದ್ದು ಸುಳ್ಳಲ್ಲ. ಅವನ ಸರ್ವರ್‌ನಲ್ಲಿ ನಾಲ್ಕು ಥ್ರೆಡ್, ಅಂದರೆ ಸಾಲಿನ ಕೆಲಸ ಎತ್ತಿಕೊಳ್ಳುವ ನಾಲ್ಕು ಕೈ. ಒಂದು ಮಲಗಿದಾಗ ಉಳಿದ ಮೂರರಲ್ಲಿ ಒಂದು ಆ ಬಾಕಿ ಕಾಲ್‌ಬ್ಯಾಕ್ ಮುಗಿಸುತ್ತಿತ್ತು. ಆದರೆ ಗಾಳಿಮಳೆಗೆ ಕರೆಂಟು ಹೋದಾಗ ಯಂತ್ರಗಳು ಒಟ್ಟೊಟ್ಟಿಗೆ ಸುಮ್ಮನಾಗುತ್ತವೆ, ಟೈಮರ್‌ಗಳೂ ಒಟ್ಟಿಗೆ ಹೊಡೆಯುತ್ತವೆ. ನಾಲ್ಕೂ ಥ್ರೆಡ್ ಮಲಗಿದರೆ ಸಾಲನ್ನು ನೋಡುವವರಿಲ್ಲ. ಎದ್ದ ಕೂಡಲೇ ಡಿಲೀಟ್, ಅದರ ಬೆನ್ನಿಗೇ ಕಾಲ್‌ಬ್ಯಾಕ್. ಬೇಸಗೆಯಲ್ಲಿ ಕಾಣದ್ದು ಮಳೆಗಾಲದಲ್ಲಿ ಕಂಡದ್ದು ಹೀಗೆ.

ಲಾಗ್ ಸಾಲು ಸೇರಿಸಿ ಹುಡುಕಬೇಡಿ, ಅದೂ ವೇಳೆಯನ್ನು ಬದಲಿಸುತ್ತದೆ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿ. ಸುಮಾರು ಎರಡು ಪಟ್ಟು ನಿಧಾನವಾದೀತು, ಆಗಲಿ. ಸಂದೇಶದ ನಡುವೆಯೇ ಸಂಪರ್ಕ ಕಡಿಯುವ, ಕೆಲವೊಮ್ಮೆ ಸುಮ್ಮನೆ ಕೂರುವ ತೂಕದ ಯಂತ್ರದಂತೆ ನಟಿಸುವ ಒಂದು ಪ್ರೋಗ್ರಾಂ ಬರೆದು ನೂರಾರು ಒಟ್ಟಿಗೆ ಬಿಡಿ. ನಾವು ಹಾಗೆ ಮಾಡಿದಾಗ, ಚಹಾ ಆರುವ ಮೊದಲೇ ಪರದೆ ಮೇಲೆ ಮೂರು ಸ್ಟ್ಯಾಕ್ ಬಂತು: ಎಲ್ಲಿ ಮುಟ್ಟಿದ್ದು, ಎಲ್ಲಿ ಬಿಟ್ಟುಕೊಟ್ಟದ್ದು, ಎಲ್ಲಿ ಪಡೆದದ್ದು. ನಡುವಿನದ್ದರಲ್ಲಿ ಅವನದೇ ಡಿಲೀಟ್ ಸಾಲು. ಹುಡುಗ ತುಂಬಾ ಹೊತ್ತು ಮಾತಾಡಲಿಲ್ಲ.

ಮದ್ದು ಚಿಕ್ಕದು. ಪ್ರತಿ ಕಾಲ್‌ಬ್ಯಾಕ್ ಕೈಯಲ್ಲೂ ಆ ಆಬ್ಜೆಕ್ಟಿನ ಶೇರ್ಡ್ ಪಾಯಿಂಟರ್ ಕೊಡಿ (ಕೊನೆಯ ಹಿಡಿತ ಬಿಟ್ಟಾಗಲೇ ಆಬ್ಜೆಕ್ಟ್ ಅಳಿಯುತ್ತದೆ), ಕೈಯಾರೆ ಡಿಲೀಟ್ ಮಾಡಬೇಡಿ. ಥ್ರೆಡ್ ಒಂದಕ್ಕಿಂತ ಹೆಚ್ಚಿದ್ದರೆ ಒಂದು ಸಂಪರ್ಕದ ಕಾಲ್‌ಬ್ಯಾಕ್‌ಗಳೆಲ್ಲ ಒಂದೇ ಸ್ಟ್ರ್ಯಾಂಡ್‌ನಲ್ಲಿ, ಅಂದರೆ ಒಂದರ ಬೆನ್ನಿಗೆ ಒಂದರಂತೆ, ಓಡಲಿ. ಒಂದು ಎಚ್ಚರ: ಮುಚ್ಚಿದ ಮೇಲೂ ಟೈಮರ್ ತನ್ನನ್ನು ತಾನೇ ಮತ್ತೆ ಹೂಡುತ್ತಾ ಹೋದರೆ ಆಬ್ಜೆಕ್ಟ್ ಸಾಯುವುದೇ ಇಲ್ಲ, ಮೆಮೊರಿ ಏರುತ್ತದೆ. ಹಾಗಾಗಿ 'ಮುಚ್ಚಿದೆ' ಎಂಬ ಗುರುತನ್ನು ಟೈಮರ್ ಮೊದಲು ನೋಡಲಿ. ನಿಮ್ಮ ಕ್ರ್ಯಾಶಿಗೂ ಇದೇ ಕಾರಣ ಎಂದು ಕೋಡು ನೋಡದೆ ನಾನು ಹೇಳಲಾರೆ.

ಅವನ ಸರ್ವರ್ ಜುಲೈ ದಾಟಿತು. ಆದರೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಮುಗಿಯುವ ತನಕ ಕೋರ್ ಡಂಪ್ (ಬಿದ್ದಾಗಿನ ಮೆಮೊರಿಯ ನಕಲು) ಆಫ್ ಮಾಡಬೇಡ ಎಂದು ಹೇಳಿ ಕಳುಹಿಸಿದ್ದೆ.