ಮೊದಲು ಬಂದ ಉಪಗ್ರಹವನ್ನು ಆಮೇಲೆ ಬಂದ ಕೇಬಲ್ ಹಿಂದೆ ಹಾಕಿದ್ದು ಹೇಗೆ?

ಓದುಗರ ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಅಷ್ಟು ದೊಡ್ಡ ಆಂಟೆನಾಗಳಿವೆ. ಉಪಗ್ರಹ ಬಂದು ನಲವತ್ತು ವರ್ಷ ದಾಟಿತು. ಆದರೂ ನಮ್ಮ ಮನೆಗೆ ಇಂಟರ್ನೆಟ್ ಬರುವುದು ರಸ್ತೆ ಪಕ್ಕ ಹೂತಿಟ್ಟ ಕೇಬಲ್‌ನಲ್ಲಿ. ಜೆಸಿಬಿ ಬಕೆಟ್ ತಗುಲಿದರೆ ಊರಿಗೆ ಊರೇ ಬಂದ್. ಆಕಾಶದಿಂದ ನೇರ ಬರಬಹುದಾದ್ದನ್ನು ಮಣ್ಣಿನಡಿ ತರುವುದು ಹಿಂದಕ್ಕೆ ಹೋದಂತಲ್ಲವೇ?

ಉತ್ತರ: ದಿನಾ ಆ ಆಂಟೆನಾಗಳನ್ನು ನೋಡಿಕೊಂಡೇ ಓಡಾಡುವ ಹಾಸನದವರಿಗೆ ಬರಬೇಕಾದ ಪ್ರಶ್ನೆಯೇ ಇದು. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಸಾಲಗಾಮೆ ರಸ್ತೆಯಲ್ಲಿರುವುದು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಎಂಸಿಎಫ್. ಮನೆಮನೆಗೆ ಇಂಟರ್ನೆಟ್ ಹಂಚುವುದು ಅದರ ಕೆಲಸವಲ್ಲ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ನಮ್ಮ ಉಪಗ್ರಹಗಳು ಜಾಗ ಬಿಟ್ಟು ಸರಿಯದಂತೆ, ಅವುಗಳ ಬ್ಯಾಟರಿ, ಇಂಧನ, ಬಿಸಿ ಎಲ್ಲ ಹದದಲ್ಲಿರುವಂತೆ ಹಗಲೂ ರಾತ್ರಿ ಕಾಯುವ ಕೇಂದ್ರ ಅದು.

ಇನ್ನು ಹಿಂದಕ್ಕೆ ಹೋದೆವೇ ಎಂಬ ಮಾತು. ಕೇಬಲ್ ಎಂದ ಕೂಡಲೇ ಹಳೆಯದು ಅನಿಸುತ್ತದೆ, ನಿಜ. ಆದರೆ ನಿಮ್ಮ ರಸ್ತೆಬದಿಯ ಕೇಬಲ್ಲಿನ ಒಳಗಿರುವುದು ತಾಮ್ರವಲ್ಲ, ಗಾಜಿನ ಎಳೆ. ಫೈಬರ್ ಎನ್ನುವುದು ಇದನ್ನೇ; ಮಾಹಿತಿ ಇದರೊಳಗೆ ಬೆಳಕಾಗಿ ಸಾಗುತ್ತದೆ. ಬಳಕೆಗೆ ಬಂದ ಲೆಕ್ಕದಲ್ಲಿ ಆ ಗಾಜು ಉಪಗ್ರಹಕ್ಕಿಂತ ಕಿರಿಯದು.

ಹಳೆಯ ತಾಮ್ರದ ಕೇಬಲ್ಲನ್ನು ಉಪಗ್ರಹ ಸೋಲಿಸಿದ್ದೂ ಉಂಟು. 1956ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಮೊದಲ ಟೆಲಿಫೋನ್ ಕೇಬಲ್ ಒಂದೇ ಹೊತ್ತಿಗೆ ಒಯ್ಯುತ್ತಿದ್ದುದು 36 ಕರೆಗಳನ್ನು. 1965ರಲ್ಲಿ ಮೇಲೇರಿದ 'ಅರ್ಲಿ ಬರ್ಡ್' ಉಪಗ್ರಹಕ್ಕೆ 240 ಕರೆಗಳ ಸಾಮರ್ಥ್ಯ. ನಮ್ಮಲ್ಲಿ ಆ ಕಾಲ ಶುರುವಾದದ್ದು 1982ರಲ್ಲಿ. ಇನ್ಸಾಟ್-1ಎ ಹಾರಿತು, ಎಂಸಿಎಫ್ ಕೂಡ ಅದೇ ವರ್ಷದ್ದು. ಆ ಉಪಗ್ರಹ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಮಾತ್ರ ಗಟ್ಟಿಯಾಗಿ ನಿಂತು, ದೂರದರ್ಶನವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು. ಘಟ್ಟ, ಕಾಡು, ಮರುಭೂಮಿಗೆಲ್ಲ ತಂತಿ ಎಳೆಯುತ್ತಾ ಕೂತಿದ್ದರೆ ಅದು ಇನ್ನೆಷ್ಟು ವರ್ಷ ಹಿಡಿಯುತ್ತಿತ್ತೋ.

ಇಷ್ಟು ಹೊತ್ತಿಗೆ ಗಾಜು ತಯಾರಾಗುತ್ತಿತ್ತು. ಬೆಳಕನ್ನು ಗಾಜಿನೊಳಗೆ ಬಹುದೂರ ಕಳಿಸಲು ಆಗದಿರುವುದಕ್ಕೆ ಗಾಜಿನ ಗುಣವಲ್ಲ, ಅದರಲ್ಲಿ ಸೇರಿದ ಕಲ್ಮಶವೇ ಕಾರಣ ಎಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲೇ ತೋರಿಸಿದ್ದರು. ಇದೇ ಕೆಲಸಕ್ಕೆ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಮಾಡಿದ ಎಳೆಯಲ್ಲಿ ಒಂದು ಕಿ.ಮೀ. ಸಾಗಿದ ಮೇಲೆ ಉಳಿಯುತ್ತಿದ್ದುದು ಶೇ 2ರಷ್ಟು ಬೆಳಕು. ಅದನ್ನೇ ದೊಡ್ಡ ಗೆಲುವೆಂದು ಸಂಭ್ರಮಿಸಿದರು. ಇವತ್ತಿನ ಎಳೆಯಲ್ಲಿ ಒಂದು ಕಿ.ಮೀ. ಆದಮೇಲೂ ಶೇ 95ರಷ್ಟು ಉಳಿಯುತ್ತದೆ. 1988ರಲ್ಲಿ ಅದೇ ಅಟ್ಲಾಂಟಿಕ್ ತಳದಲ್ಲಿ ಮೊದಲ ಗಾಜಿನ ಕೇಬಲ್ ಹಾಕಿದಾಗ ಅದರ ಸಾಮರ್ಥ್ಯ ಸುಮಾರು 40,000 ಕರೆಗಳು.

ಉಪಗ್ರಹಕ್ಕೆ ಎರಡು ತೊಡಕು. ಒಂದು ದೂರ. ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ.; ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡು. ಪ್ರಶ್ನೆಗೆ ಕಾಲು, ಉತ್ತರಕ್ಕೆ ಕಾಲು. ಹಾಗಾಗಿ ಮಾತಿನ ಮೇಲೆ ಮಾತು ಬೀಳುತ್ತದೆ. ಗಾಜಿನೊಳಗೆ ಬೆಳಕು ನಿಧಾನ, ಸೆಕೆಂಡಿಗೆ ಎರಡು ಲಕ್ಷ ಕಿ.ಮೀ. ಮಾತ್ರ. ಆದರೆ ಹಾಸನದಿಂದ ಬೆಂಗಳೂರಿಗೆ ಇನ್ನೂರು ಕಿ.ಮೀ. ಒಳಗೇ ಆಯಿತಲ್ಲ, ಸೆಕೆಂಡಿನ ಸಾವಿರದ ಒಂದು ಭಾಗ ಸಾಕು.

ಎರಡನೆಯ ತೊಡಕು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಹಾರಿದ ಉಪಗ್ರಹವನ್ನು ಬಿಚ್ಚಿ ನೋಡುವಂತಿಲ್ಲ. ಹದಿನೈದು ವರ್ಷ ಬಾಳುವ ಉಪಗ್ರಹದಲ್ಲಿ ಕೊನೆಯ ದಿನದವರೆಗೂ ಇರುವುದು ಹಾರುವ ಮುಂಚೆ ಕೂಡಿಸಿದ ಯಂತ್ರವೇ. ಕೇಬಲ್ಲಿನ ಕತೆಯೇ ಬೇರೆ. ಗಾಜು ಮಣ್ಣಿನಡಿ ಇದ್ದ ಹಾಗೇ ಇರುತ್ತದೆ, ಎರಡು ತುದಿಯ ಪೆಟ್ಟಿಗೆಗಳನ್ನು ಬದಲಿಸಿದರೆ ಆಯಿತು. ಹಿಂದೆ ಒಂದೇ ಬಣ್ಣದ ಬೆಳಕು ಹೋಗುತ್ತಿದ್ದ ಎಳೆಯಲ್ಲಿ ಈಗ ಹತ್ತಾರು ಬಣ್ಣ ಒಟ್ಟಿಗೆ ಓಡುತ್ತವೆ, ಒಂದೊಂದೂ ತನ್ನ ಪಾಲಿನ ಮಾಹಿತಿ ಹೊತ್ತು.

ತುಂಡಾದರೆ ಜೋಡಿಸಬಹುದು ಎನ್ನುವುದೂ ಸಣ್ಣ ಮಾತಲ್ಲ. ಸಕಲೇಶಪುರದ ರಸ್ತೆಯಲ್ಲಿ ಕೇಬಲ್ ಕಟ್ಟಾದಾಗ ನಿಂತು ನೋಡಿ. ಹುಡುಗನೊಬ್ಬ ಮಳೆಯಲ್ಲಿ ಕೊಡೆ ಕಟ್ಟಿಕೊಂಡು ಗುಂಡಿ ಪಕ್ಕ ಕೂತಿರುತ್ತಾನೆ. ಎಳೆಯ ಮೇಲಿನ ಬಣ್ಣದ ಪದರ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಎರಡೂ ತುದಿಗಳನ್ನು ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಎದುರುಬದುರು ಇಡುತ್ತಾನೆ. ಆ ಗಾಜಿನ ದಪ್ಪ ಒಂದು ಮಿ.ಮೀ.ನ ಎಂಟನೇ ಒಂದು ಭಾಗ. ಪುಟ್ಟ ಪರದೆಯಲ್ಲಿ ಎರಡು ಗೆರೆ ಹತ್ತಿರ ಬಂದು, ಕಿಡಿಯೊಂದು ಹಾರಿ, ಒಂದೇ ಗೆರೆಯಾಗುತ್ತವೆ. ನಮ್ಮ ತಾಲ್ಲೂಕು ತಾಲ್ಲೂಕನ್ನೂ ಜಗತ್ತಿಗೆ ಕಟ್ಟಿಹಾಕಿರುವುದು ಈ ಹುಡುಗರ ಕೈಗಳು. ಅವರಿಗೆ ಸಿಗುವ ಮರ್ಯಾದೆ ಏನೇನೂ ಸಾಲದು.

'ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಉದ್ದ' ಎನ್ನುತ್ತಾರಲ್ಲ, ಇಲ್ಲಿ ಆ ಕೋಡು ಬೆಳೆಯುತ್ತಲೇ ಹೋಯಿತು. ದೂರದೂರಿಗೆ ಕರೆ ಮಾಡುವ, ಎಲ್ಲೋ ನಡೆದದ್ದನ್ನು ನೇರ ನೋಡುವ ಆಸೆ ಹುಟ್ಟಿಸಿದ್ದರಲ್ಲಿ ಉಪಗ್ರಹದ ಪಾಲು ದೊಡ್ಡದು. ಆ ಆಸೆ ಬೆಳೆದ ಮೇಲೆ ಗಿರಾಕಿ ದೊರಕಿದ್ದು ಕೇಬಲ್ಲಿಗೆ. ದಾರಿ ಮಾಡಿದವರಿಗೆ ಹೀಗಾಗುವುದು ಹೊಸದೇನಲ್ಲ.

ಉಪಗ್ರಹದ ಕತೆ ಅಲ್ಲಿಗೇ ಮುಗಿಯಲಿಲ್ಲ. ಕೆಳಮಟ್ಟದಲ್ಲಿ, ಸುಮಾರು 780 ಕಿ.ಮೀ. ಎತ್ತರದಲ್ಲಿ, 66 ಉಪಗ್ರಹಗಳ ಬಲೆ ಹೆಣೆದು ಜಗತ್ತಿಗೆಲ್ಲ ಫೋನ್ ಕೊಡಲು ಇರಿಡಿಯಂ ಕಂಪನಿ 1998ರ ನವೆಂಬರ್‌ನಲ್ಲಿ ಸೇವೆ ಶುರು ಮಾಡಿತು. 1999ರ ಆಗಸ್ಟ್ ಹೊತ್ತಿಗೆ ದಿವಾಳಿ. ಅಷ್ಟರಲ್ಲಿ ಊರೂರಿಗೆ ಮೊಬೈಲ್ ಟವರ್ ಬಂದು, ಅಗ್ಗದ ಫೋನ್ ಜನರ ಜೇಬಿಗಿಳಿಯುತ್ತಿತ್ತು. ಇಪ್ಪತ್ತು ವರ್ಷದ ಮೇಲೆ, 2019ರ ಮೇನಲ್ಲಿ, ಸ್ಪೇಸ್‌ಎಕ್ಸ್ ಕಂಪನಿ ಸ್ಟಾರ್‌ಲಿಂಕ್ ಎಂಬ ತನ್ನ ಇಂಟರ್ನೆಟ್ ಬಲೆಗೆ ಒಂದೇ ಸಲಕ್ಕೆ 60 ಉಪಗ್ರಹ ಹಾರಿಸಿತು. ಕೆಳಮಟ್ಟದ ಬಲೆ ಎಂಬ ಆಲೋಚನೆ ಹಳೆಯದೇ. ಈ ಸಲ ಮರಳಿ ಬಂದು ಇಳಿಯುವ ರಾಕೆಟ್ ಕೈಯಲ್ಲಿತ್ತು. ಇವುಗಳ ಆಯಸ್ಸು ಸುಮಾರು ಐದೇ ವರ್ಷ, ಹಾಗಾಗಿ ಹೊಸ ಯಂತ್ರ ಹೊತ್ತ ಉಪಗ್ರಹಗಳು ಹಳೆಯವುಗಳ ಜಾಗಕ್ಕೆ ಬರುತ್ತಲೇ ಇರುತ್ತವೆ. ಕೇಬಲ್ಲನ್ನು ಗೆಲ್ಲಿಸಿದ ಗುಣ ಈಗ ಆಕಾಶಕ್ಕೂ ಸಿಕ್ಕಿದೆ. ಎತ್ತರವೂ ಸುಮಾರು 550 ಕಿ.ಮೀ. ಆದ್ದರಿಂದ ಆ ಅರ್ಧ ಸೆಕೆಂಡಿನ ಕಾಟವಿಲ್ಲ.

ಎತ್ತರದ ಉಪಗ್ರಹಗಳಿಗೂ ಕೆಲಸವಿದೆ. ಒಂದೇ ಕಾರ್ಯಕ್ರಮವನ್ನು ಕೋಟಿ ಮನೆಗೆ ಒಟ್ಟಿಗೆ ತಲುಪಿಸುವುದರಲ್ಲಿ ಡಿಟಿಎಚ್‌ಗೆ ಸಾಟಿ ಕಷ್ಟ, ಮೋಡದ ಚಿತ್ರ ಕಳಿಸುವುದೂ ಅವೇ. 2024ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-ಎನ್2 ಇಂಟರ್ನೆಟ್‌ಗೆಂದೇ ಮಾಡಿದ್ದು. ಅದರ ಹಿಡಿತ ತೆಗೆದುಕೊಂಡದ್ದೂ ನಮ್ಮ ಎಂಸಿಎಫ್.

ಹಾಸನ, ಚಿಕ್ಕಮಗಳೂರು ಪೇಟೆಯಲ್ಲಿದ್ದರೆ ಫೈಬರ್ರನ್ನೇ ಹಾಕಿಸಿಕೊಳ್ಳಿ. ಮೂಡಿಗೆರೆ, ಕಳಸದ ಕಡೆ ತೋಟದೊಳಗೆ ಮನೆ, ಲೈನೂ ಇಲ್ಲ ಟವರೂ ಇಲ್ಲ ಎನ್ನುವವರಿಗೆ ಕೆಳಮಟ್ಟದ ಉಪಗ್ರಹ ಸೇವೆ ನಿಜವಾದ ಆಸರೆಯಾಗಬಲ್ಲದು. ಆದರೆ ಡಿಟಿಎಚ್ ಬುಟ್ಟಿಗೆ ಒಂದು ದಿಕ್ಕು ತೆರೆದಿದ್ದರೆ ಸಾಕು. ಓಡಾಡುವ ಈ ಉಪಗ್ರಹಗಳನ್ನು ಹಿಂಬಾಲಿಸುವ ಡಿಶ್‌ಗೆ ಅಗಲವಾದ ಬಯಲು ಆಕಾಶ ಬೇಕು. ಸಿಲ್ವರ್ ಓಕ್ ಮರಗಳ ನಡುವೆ ಅದು ಸಿಗುವುದಿಲ್ಲ, ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಜಾಗ ನೋಡಿ.